ಮಾತಿಗೂ ಒಂದು ಕೋಡ್ ಕೊಡಿ

ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಸೆಕ್ರೆಟರಿ. ಎರಡು ಹೊತ್ತು ಹಾಲು ಅಳೆಯೋದು, ಫ್ಯಾಟ್ ನೋಡೋದು, ಬಟವಾಡೆ ಬರೆಯೋದು ನನ್ನ ಕೆಲಸ. ಕ್ಯಾನ್ಸರ್ ಔಷಧಿ ಬಗ್ಗೆ ಬರೆಯೋಕೆ ಇವನ್ಯಾರು ಅಂತ ನಿಮಗೆ ಅನ್ನಿಸಬಹುದು. ಆದರೆ ಊರಿನಲ್ಲಿ ಯಾರ ಮನೆಗೆ ದೊಡ್ಡ ಕಾಯಿಲೆ ಬಂದಿದೆ ಅನ್ನೋದು ನನ್ನ ಪುಸ್ತಕದಲ್ಲಿ ಮೊದಲು ಕಾಣುತ್ತದೆ. ದಿನಕ್ಕೆ 18 ಲೀಟರ್ ಹಾಕುತ್ತಿದ್ದ ಮನೆ ಒಂದು ವಾರದಲ್ಲಿ 9ಕ್ಕೆ ಇಳಿಯುತ್ತದೆ. ಒಂದು ಹಸು ಹೋಯಿತು ಅಂತ ಅರ್ಥ. ಇನ್ನೊಂದು ತಿಂಗಳಿಗೆ ಆ ನಂಬರಿನ ಮುಂದೆ ಸೊನ್ನೆ.

2024ರ ಜನವರಿಯಲ್ಲಿ ಹಾಗೆ ಸೊನ್ನೆ ಬಿದ್ದದ್ದು ನಮ್ಮ ಅಣ್ಣನ ನಂಬರಿಗೆ.

ಅಣ್ಣನಿಗೆ ಆಗ 56. ಅದರ ಹಿಂದಿನ ಯುಗಾದಿ ಕಳೆದ ಮೇಲೆ ಮುದ್ದೆ ಇಳೀತಿಲ್ಲ ಅನ್ನೋಕೆ ಶುರು ಮಾಡಿದ್ದ. ಗ್ಯಾಸ್ಟ್ರಿಕ್ ಅಂದುಕೊಂಡು ಒಂದಷ್ಟು ದಿನ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದ. ನಮ್ಮ ಕಡೆ ಹೊಟ್ಟೆಯದೆಲ್ಲ ಮೊದಲು ಗ್ಯಾಸ್ಟ್ರಿಕ್ಕೇ. ಆಮೇಲೆ ಎಂಡೋಸ್ಕೋಪಿ ಮಾಡಿಸಿದರೆ ಜಠರದ ಕ್ಯಾನ್ಸರ್. ಲಿವರಿಗೂ ಹೋಗಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಿಮೋ ಶುರುವಾಯಿತು. ಆಸ್ಪತ್ರೆ ಹೆಸರು ಬೇಡ. ಯಾವುದೋ ಒಂದು ಆಸ್ಪತ್ರೆಯನ್ನು ಬೈಯೋಕೆ ಈ ಪತ್ರ ಬರೆಯುತ್ತಿಲ್ಲ.

ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ ಕ್ಯಾಪೆಸಿಟಬಿನ್ ಮಾತ್ರೆ. ಬಿ.ಪಿ.ಎಲ್. ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಯಿತು, ಕೈಯಿಂದ ಹೋಗಿದ್ದು ಓಡಾಟದ ಖರ್ಚು, ಊಟದ ಖರ್ಚು ಅಷ್ಟೇ. ಅದರಲ್ಲಿ ಅತ್ತಿಗೆಯ ಬಸ್ಸು ಶಕ್ತಿ ಯೋಜನೆಯಲ್ಲಿ ಫ್ರೀ. ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ ಅಂತ ಯಾರೋ ಹೇಳಿದರು. ಇದೆ, ನಿಜ. ಮುಳಬಾಗಿಲಿಗೆ ರೈಲೇ ಇಲ್ಲ, ಅಷ್ಟೇ. ತಣ್ಣೀರು ಮುಟ್ಟಿದರೆ ಅಣ್ಣನ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ಆದರೂ ಮುದ್ದೆ ಮತ್ತೆ ಇಳಿಯಿತು. ಗಣೇಶನ ಹಬ್ಬಕ್ಕೆ ಎರಡು ಕಡುಬು ತಿಂದ. ಆ ಆರು ತಿಂಗಳಿಗೆ ನಿಮ್ಮ ಇಲಾಖೆಯ ಋಣ ನಮ್ಮ ಮನೆ ಮೇಲಿದೆ, ಸುಳ್ಳು ಹೇಳಬಾರದು.

ಡಿಸೆಂಬರಿನ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗಿತ್ತು. ಡಾಕ್ಟರು ರಿಪೋರ್ಟ್ ನೋಡಿ, "ಮೊದಲನೇ ಮೆಡಿಸಿನ್ ಕೆಲಸ ಮಾಡ್ತಿಲ್ಲ, ಸೆಕೆಂಡ್ ಲೈನ್‌ಗೆ ಹೋಗಬೇಕು" ಅಂದರು. ಅತ್ತಿಗೆ ನನ್ನ ಕಡೆ ತಿರುಗಿ, "ಎರಡನೇ ಲೈನ್ ಎಲ್ಲಿದೆ ನೋಡ್ಕೊಂಡು ಬಾಪ್ಪ" ಅಂದರು. ಇನ್ನೊಂದು ಕ್ಯೂನಲ್ಲಿ ನಿಲ್ಲಬೇಕು ಅಂದುಕೊಂಡಿದ್ದರು. ನನಗೂ ಅವರಿಗಿಂತ ಜಾಸ್ತಿ ಏನೂ ಗೊತ್ತಿರಲಿಲ್ಲ. ಸುಮ್ನೆ ತಲೆ ಆಡಿಸಿದೆ.

ಐದು ನಿಮಿಷದಲ್ಲಿ ನಾವು ಹೊರಗಿದ್ದೆವು. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಎರಡು ಔಷಧಿ: ಪ್ಯಾಕ್ಲಿಟ್ಯಾಕ್ಸೆಲ್, ರಾಮುಸಿರುಮ್ಯಾಬ್. ಕಾರ್ಡಿನ ಕೌಂಟರಿನಲ್ಲಿ ಇದ್ದವರು ಕಂಪ್ಯೂಟರ್ ನೋಡಿ, ಮೊದಲನೆಯದಕ್ಕೆ ಕೋಡ್ ಇದೆ, ಎರಡನೆಯದಕ್ಕೆ ಕೋಡ್ ಇಲ್ಲ, ಹೊರಗಿಂದ ತರಬೇಕು ಅಂದರು. ಯೋಜನೆಯವರು ದುಡ್ಡು ಕೊಡುವ ಚಿಕಿತ್ಸೆಗಳ ಪಟ್ಟಿಯಲ್ಲಿರುವ ನಂಬರೇ ಈ ಕೋಡ್. ವರ್ಷಕ್ಕೆ 5 ಲಕ್ಷ ಅಂತಾರಲ್ಲ, ನಮ್ಮದು ಇನ್ನೂ ಉಳಿದಿದೆಯಲ್ಲ ಅಂತ ಕೇಳಿದೆ. "ದುಡ್ಡಿದೆ ಸಾರ್, ಕೋಡಿಲ್ಲ" ಅಂದರು. ಪಾಪ, ಅವರದೇನೂ ತಪ್ಪಿಲ್ಲ.

ಆ ಎರಡನೇ ಔಷಧಿಗೆ ಒಂದು ತಿಂಗಳಿಗೆ ಆಗುವ ಖರ್ಚು ನಮ್ಮ ಕಡೆಯ ಎರಡು ಒಳ್ಳೆಯ ಎಚ್‌ಎಫ್ ಹಸುವಿನ ಬೆಲೆ ದಾಟುತ್ತಿತ್ತು. ಹಸು ಹೋದವು. ಸಾಲದಾಯಿತು. ಮಗಳ ಹೆಸರಿಗೆ ಬರೆಯಬೇಕು ಅಂತ ಇಟ್ಟಿದ್ದ ರಸ್ತೆ ಪಕ್ಕದ 20 ಗುಂಟೆಯೂ ಹೋಯಿತು. ಎರಡು ವಾರಕ್ಕೊಂದರಂತೆ ನಾಲ್ಕು ಇಂಜೆಕ್ಷನ್ ಆಯಿತು. ಐದನೆಯದರ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. ಮೇ ತಿಂಗಳಲ್ಲಿ ಅಣ್ಣ ತೀರಿಕೊಂಡ.

ಜಮೀನು ಹೋದದ್ದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಅಣ್ಣನಿಗಾಗಿ ಇನ್ನೂ 20 ಗುಂಟೆ ಮಾರುತ್ತಿದ್ದೆವು. ನಾವು ಏನನ್ನು ಕೊಳ್ಳುತ್ತಿದ್ದೇವೆ ಅಂತ ನಮಗೆ ಗೊತ್ತಿರಲಿಲ್ಲ. ಅದು ನನ್ನ ದೂರು.

ಅಣ್ಣ ಮೊದಲ ದಿನದಿಂದ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಲೇ, ಇದು ವಾಸಿ ಮಾಡೋದಾ, ದಿನ ತಳ್ಳೋದಾ? ಕೇಳೋ ಡಾಕ್ಟರನ್ನ." ನಾನು ಕೇಳಲಿಲ್ಲ. ಅವನ ಎದುರು ಕೇಳೋಕೆ ಧೈರ್ಯ ಇರಲಿಲ್ಲ, ಅವನು ಇಲ್ಲದಾಗ ಕೇಳೋಕೆ ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ನಾಲ್ಕನೇ ಇಂಜೆಕ್ಷನ್ ದಿನ ವಾರ್ಡಿಗೆ, ಇನ್ನೂ ಓದುತ್ತಿರುವ ಒಬ್ಬ ಡಾಕ್ಟರಮ್ಮ ಬಿ.ಪಿ. ನೋಡೋಕೆ ಬಂದರು. ಅಣ್ಣ ಅವರನ್ನೇ ಕೇಳಿಬಿಟ್ಟ. ಆಕೆ ಮಂಚದ ಮೇಲೆ ಕೂತು, "ತಳ್ಳೋದೇ ಯಜಮಾನ್ರೇ. ನೋವಿಲ್ದೆ ತಳ್ಳೋಣ" ಅಂದರು. ಹತ್ತು ನಿಮಿಷ ಮಾತಾಡಿದರು. ಗಡ್ಡೆ ಚಿಕ್ಕದಾದರೂ ಅದು ವಾಸಿ ಅಲ್ಲ ಅಂದರು. ಪ್ಯಾಕ್ಲಿಟ್ಯಾಕ್ಸೆಲ್ ಒಂದನ್ನೇ ಕೊಡಬಹುದಿತ್ತು ಅಂತಲೂ ಹೇಳಿದರು. ಅದು ಕಾರ್ಡಿನಲ್ಲೇ ಆಗುತ್ತಿತ್ತು.

ಅಣ್ಣ ಅಳಲಿಲ್ಲ. ಬಸ್ಸಿನಲ್ಲಿ ಬರುವಾಗ ನರಸಾಪುರ ದಾಟಿದ ಮೇಲೆ, "ಇಷ್ಟು ಮೊದಲೇ ಹೇಳಿದ್ರೆ ರಸ್ತೆ ಪಕ್ಕದ್ದು ಮಾರ್ತಿರಲಿಲ್ಲ ಕಣೋ" ಅಂದ. ಇನ್ನೇನೂ ಹೇಳಲಿಲ್ಲ.

ಅವನು ಹೋದ ಮೇಲೆ ನನ್ನ ತಂಗಿ ಮಗಳ ಹತ್ತಿರ ಕೂತೆ. ಅವಳು ಫಾರ್ಮಸಿ ಓದುತ್ತಾಳೆ. ಆ ಎರಡನೇ ಔಷಧಿಯ ಪರೀಕ್ಷೆ ನಡೆದದ್ದು ಹೇಗೆ ಅಂತ ತೆಗೆದು ತೋರಿಸಿದಳು. 2014ರಲ್ಲಿ ಬಂದ ಅಧ್ಯಯನ, 665 ರೋಗಿಗಳು. ಎಲ್ಲರಿಗೂ ಮೊದಲ ಕಿಮೋ ಕೈಕೊಟ್ಟಿತ್ತು. ಅರ್ಧ ಜನರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಮಾತ್ರ, ಇನ್ನರ್ಧ ಜನರಿಗೆ ಅದರ ಜೊತೆ ರಾಮುಸಿರುಮ್ಯಾಬ್. ಒಂದೇ ಔಷಧಿಯವರು ಬದುಕಿದ್ದು 7.4 ತಿಂಗಳು, ಎರಡೂ ಸಿಕ್ಕವರು 9.6 ತಿಂಗಳು. ಇದು ನಡುವಿನ ಲೆಕ್ಕ. ಅರ್ಧ ಜನ ಅದಕ್ಕಿಂತ ಮೊದಲೇ ಹೋಗಿರುತ್ತಾರೆ, ಅರ್ಧ ಜನ ಅದನ್ನು ದಾಟಿರುತ್ತಾರೆ. ಮಂಡಿಯಲ್ಲಿ ಟೊಮೆಟೊ ಬಾಕ್ಸಿಗೆ ಇವತ್ತಿನ ರೇಟು ಇಷ್ಟು ಅಂತ ಪೇಪರಿನಲ್ಲಿ ಬಂದರೂ ನಮ್ಮ ಬಾಕ್ಸಿಗೆ ಎಷ್ಟು ಬೀಳುತ್ತದೆ ಅನ್ನೋದು ಬೇರೆ ಅಲ್ವಾ, ಹಾಗೆ.

ಅಂತೂ ನಮ್ಮ ಹಸು, ನಮ್ಮ 20 ಗುಂಟೆ, ಎಲ್ಲ ಹೋಗಿದ್ದು ಆ 2.2 ತಿಂಗಳಿಗೆ. ಅದೂ ಸಿಗಬಹುದು ಅನ್ನೋ ಲೆಕ್ಕಕ್ಕೆ. ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಎದ್ದು ಓಡಾಡಿಕೊಂಡು, ತಮ್ಮ ಕೆಲಸ ತಾವು ಮಾಡಿಕೊಳ್ಳುವ ರೋಗಿಗಳನ್ನು ಮಾತ್ರ. ನಮ್ಮ ಅಣ್ಣ ಜನವರಿ ಹೊತ್ತಿಗೆ ಅರ್ಧ ದಿನಕ್ಕಿಂತ ಜಾಸ್ತಿ ಹಾಸಿಗೆಯಲ್ಲೇ ಇದ್ದ. ಅಂಥವರಿಗೆ ಆ ಇಂಜೆಕ್ಷನ್ ಎಷ್ಟು ದಿನ ಕೊಡುತ್ತದೆ ಅಂತ ಅಲ್ಲಿ ಯಾರೂ ಅಳೆದೇ ಇರಲಿಲ್ಲ.

ಸಚಿವರೇ, ನಮ್ಮ ಜಿಲ್ಲೆಯಲ್ಲಿ ಬೋರ್ ಕೊರೆಸದ ಮನೆ ಕಡಿಮೆ. ರಾತ್ರಿ ಲಾರಿ ಪಕ್ಕ ನಿಂತವರಿಗೆಲ್ಲ ಒಂದು ಗಳಿಗೆ ಗೊತ್ತು. 1,200 ಅಡಿ ಆಗಿದೆ, ಬರೀ ಧೂಳು ಬರುತ್ತಿದೆ. ಲಾರಿಯವನು ಮಿಷನ್ ನಿಲ್ಲಿಸಿ, "ಇನ್ನೊಂದು ನೂರಡಿ ಬಿಡೋಣ್ವಾ?" ಅಂತಾನೆ. ಆದರೆ ಸುಮ್ನೆ ಹಾಗೆ ಕೇಳೋದಿಲ್ಲ. ಇಲ್ಲಿಂದ ಕೆಳಗೆ ಅಡಿಗೆ ರೇಟು ಜಾಸ್ತಿ, ಪಕ್ಕದ ಹೊಲದಲ್ಲಿ 1,350ಕ್ಕೆ ಒಂದಿಂಚು ಬಿತ್ತು, ಆಚೆಯವರದ್ದು ಫೇಲ್ ಆಯ್ತು, ನೀರು ಬರದಿದ್ದರೂ ನನ್ನ ದುಡ್ಡು ನನಗೆ ಬರಬೇಕು ಅಂತ ಮುಖಕ್ಕೇ ಹೇಳುತ್ತಾನೆ. ಆಮೇಲೆ ಅಣ್ಣ ತಮ್ಮಂದಿರು ಆ ಕಡೆ ಹೋಗಿ ಮಾತಾಡಿಕೊಂಡು ಬರುತ್ತೇವೆ. ಬಿಟ್ಟರೂ ನಮ್ಮ ತೀರ್ಮಾನ, ನಿಲ್ಲಿಸಿದರೂ ನಮ್ಮ ತೀರ್ಮಾನ. ಬೋರ್‌ವೆಲ್ ಲಾರಿಯವನು ಹೇಳುವಷ್ಟನ್ನು ನಮಗೆ ಆ ಐದು ನಿಮಿಷದಲ್ಲಿ ಯಾರೂ ಹೇಳಲಿಲ್ಲ.

ಡಾಕ್ಟರಿಗೆ ಮನಸ್ಸಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ದಿನ ಅವರ ಬಾಗಿಲ ಮುಂದೆ ಇದ್ದ ಜನ ನೋಡಿದ್ದೇನೆ. ಮಧ್ಯಾಹ್ನ ಮೂರಾದರೂ ಅವರು ಊಟಕ್ಕೆ ಎದ್ದಿರಲಿಲ್ಲ. ಒಬ್ಬೊಬ್ಬರಿಗೂ ಅರ್ಧ ಗಂಟೆ ಕೂತರೆ ಹೊರಗಿನ ಲೈನು ಹೊಸೂರು ರಸ್ತೆವರೆಗೆ ಹೋಗುತ್ತದೆ. ಆದರೆ ಇದನ್ನೂ ಯೋಚನೆ ಮಾಡಿ. ಯೋಜನೆಯಲ್ಲಿ ಡ್ರಿಪ್ಪಿಗೆ ಕೋಡ್ ಇದೆ. ಸ್ಕ್ಯಾನಿಗೆ ಲೆಕ್ಕ ಇದೆ. ಬೆಡ್ಡಿಗೆ ದಿನಕ್ಕೆ ಇಷ್ಟು ಅಂತ ಇದೆ. ಕೂತು ಮಾತಾಡೋದಕ್ಕೆ ಏನಿದೆ? ಹಾಲಿಗೆ ಫ್ಯಾಟ್ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಜನ ಫ್ಯಾಟ್ ಜಾಸ್ತಿ ಬರುವ ಮೇವು ಹಾಕುತ್ತಾರೆ. ಯಾವುದಕ್ಕೆ ಲೆಕ್ಕ ಇದೆಯೋ ಅದು ನಡೆಯುತ್ತದೆ. ಅದಕ್ಕೇ ನಾನು ಕೇಳುತ್ತಿರೋದು, ಮಾತಿಗೂ ಒಂದು ಕೋಡ್ ಕೊಡಿ.

ಮೊದಲ ಔಷಧಿ ಕೈಕೊಟ್ಟು ಎರಡನೆಯದು ಬರೆಯುವ ಮುಂಚೆ ರೋಗಿ ಮತ್ತು ಮನೆಯವರ ಜೊತೆ ಅರ್ಧ ಗಂಟೆ. ಡಾಕ್ಟರೇ ಆಗಬೇಕು ಅಂತಿಲ್ಲ, ತರಬೇತಿ ಆದ ನರ್ಸ್ ಆದರೂ ಸರಿ. ಒಂದು ಹಾಳೆ ಕನ್ನಡದಲ್ಲಿ. ವಾಸಿ ಮಾಡೋದಾ, ದಿನ ತಳ್ಳೋದಾ. ಇದೇ ಸ್ಥಿತಿಯ ನೂರು ಜನರಲ್ಲಿ ಎಷ್ಟು ಜನರಿಗೆ ಎಷ್ಟು ತಿಂಗಳು ಸಿಕ್ಕಿದೆ. ಕಾರ್ಡಿನಲ್ಲಿ ಆಗುವ ಔಷಧಿ ಯಾವುದು, ಅದಕ್ಕೂ ದುಬಾರಿಯದಕ್ಕೂ ಇರುವ ವ್ಯತ್ಯಾಸ ಎಷ್ಟು. ಔಷಧಿ ಬೇಡ ಅಂದರೆ ಮುಂದೆ ಯಾರು ನೋಡಿಕೊಳ್ಳುತ್ತಾರೆ. ಇಷ್ಟು ಬರೆದು ಕೈಗೆ ಕೊಟ್ಟರೆ ಸಾಕು. ನಮ್ಮ ಗಡಿ ಕಡೆ ಮನೆಯಲ್ಲಿ ತೆಲುಗು, ಡೈರಿಯಲ್ಲಿ ಕನ್ನಡ. ಹಾಳೆ ಕನ್ನಡದಲ್ಲಿರಲಿ, ಮಾತು ಮಾತ್ರ ಅವರವರ ಮನೆ ಭಾಷೆಯಲ್ಲಿ ನಡೆದರೆ ಒಳ್ಳೆಯದು. ರಿಪೋರ್ಟಿನ ಇಂಗ್ಲಿಷ್ ಕೇಳಿ ಕೇಳಿ ಅತ್ತಿಗೆಗೆ ಅರ್ಥವಾದ ಪದ ಒಂದೇ, 'ಲಿವರ್'.

ಸೆಕೆಂಡ್ ಲೈನ್ ಔಷಧಿಗಳೇ ದಂಡ ಅಂತ ಯಾರೂ ಈ ಪತ್ರ ಓದಿ ತಿಳಿಯಬೇಡಿ. ಅದು ತಪ್ಪಾಗುತ್ತದೆ. ಒಂದೊಂದು ಕ್ಯಾನ್ಸರಿನದು ಒಂದೊಂದು ಕಥೆ. ಕೆಲವು ರಕ್ತದ ಕ್ಯಾನ್ಸರಿನಲ್ಲಿ ಮೊದಲ ಮಾತ್ರೆ ಕೈಕೊಟ್ಟರೆ ಎರಡನೇ ಮಾತ್ರೆಯಲ್ಲಿ ವರ್ಷಗಟ್ಟಲೆ ಕೆಲಸಕ್ಕೆ ಹೋಗಿಕೊಂಡು ಇರುವವರಿದ್ದಾರೆ. ಸ್ತನದ ಕ್ಯಾನ್ಸರಿನ ಕೆಲವು ಬಗೆಯಲ್ಲೂ ಹಾಗೆಯೇ. ಜಠರದ ಕ್ಯಾನ್ಸರ್ ಅಷ್ಟು ಉದಾರಿ ಅಲ್ಲ. ಮೊದಲ ಔಷಧಿಗೆ ಬಗ್ಗದೆ ಉಳಿದ ಜೀವಕಣಗಳೇ ಮತ್ತೆ ಬೆಳೆದಿರುತ್ತವೆ, ಅವು ಗಟ್ಟಿ ಪಿಂಡಗಳು. ಅಷ್ಟರಲ್ಲಿ ಮನುಷ್ಯ ಸೊರಗಿರುತ್ತಾನೆ. ಹಾಗಾಗಿ ಎರಡನೇ ಸುತ್ತಿನಲ್ಲಿ ಸಿಗೋದು ಕಡಿಮೆ. ಎಲ್ಲರಿಗೂ 'ಸೆಕೆಂಡ್ ಲೈನ್' ಅನ್ನೋ ಒಂದೇ ಹೆಸರು ಹೇಳಿದರೆ ವರ್ಷಗಳು ಸಿಗುವವರೂ ವಾರಗಳು ಸಿಗುವವರೂ ಒಂದೇ ಥರ ಜಮೀನು ಮಾರುತ್ತಾರೆ.

ಇನ್ನು ಬೆಲೆ. ಇಲ್ಲಿ ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದಕ್ಕೆ ಉದಾಹರಣೆ ಇದೆ. ಲಿವರ್ ಮತ್ತು ಕಿಡ್ನಿಯ ಮುಂದುವರಿದ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಮಾತ್ರೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. 2012ರಲ್ಲಿ ಪೇಟೆಂಟ್ ಅಧಿಕಾರಿ ನಮ್ಮ ದೇಶದ ಒಂದು ಕಂಪನಿಗೆ ಅದನ್ನು ತಯಾರಿಸಲು ಕಡ್ಡಾಯ ಲೈಸೆನ್ಸ್ ಕೊಟ್ಟರು. ಬೆಲೆ ಸುಮಾರು 8,800 ರೂಪಾಯಿಗೆ ಬಂತು. ದೇಶದ ಅನೇಕ ಕ್ಯಾನ್ಸರ್ ಆಸ್ಪತ್ರೆಗಳು ಸೇರಿಕೊಂಡಿರುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 40 ಔಷಧಿಗಳಿಗೆ ಒಟ್ಟಿಗೆ ಚೌಕಾಸಿ ಮಾಡಿದಾಗ, ಔಷಧಿಯ ಮೇಲೆ ಹೋಗಿ, ಶೇಕಡ 23ರಿಂದ 99ರವರೆಗೆ ಉಳಿತಾಯ ಆಯಿತು. ಇದು ಡೈರಿಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠ ಅಲ್ಲ. ಒಂದು ಮನೆಯ ಆರು ಲೀಟರ್ ಹಾಲು ಹಿಡಿದುಕೊಂಡು ಚೌಕಾಸಿ ಮಾಡಿದರೆ ಯಾರು ಕೇಳುತ್ತಾರೆ? ಒಕ್ಕೂಟ ಆದರೆ ಮಾತು ನಡೆಯುತ್ತದೆ. ಒಬ್ಬ ರೋಗಿಯ ತಮ್ಮನನ್ನು ಚೀಟಿ ಕೊಟ್ಟು ಮೆಡಿಕಲ್ ಸ್ಟೋರಿಗೆ ಕಳಿಸೋದು ಅಂದರೆ ಆರು ಲೀಟರ್ ಹಾಲಿನ ಚೌಕಾಸಿಯೇ.

ಔಷಧಿಯ ಪ್ರಮಾಣದಲ್ಲೂ ದಾರಿ ಇದೆ. ನಮ್ಮ ಕಡೆ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಾಸ್ತಿ. ಬಾಯಿ ಕ್ಯಾನ್ಸರ್ ಕೂಡ ನೋಡುತ್ತಲೇ ಇರುತ್ತೇವೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತಲೆ ಮತ್ತು ಕುತ್ತಿಗೆ ಭಾಗದ, ಗುಣ ಮಾಡಲಾಗದ ಹಂತದ ಕ್ಯಾನ್ಸರಿಗೆ ಕಡಿಮೆ ಖರ್ಚಿನ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಅನ್ನೋ ದುಬಾರಿ ಔಷಧಿಯನ್ನು ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಡೋಸು ಎರಡು ವಾರಕ್ಕೇ 240. ಅಂದರೆ ಇದು ಹತ್ತರಲ್ಲಿ ಒಂದು ಪಾಲೂ ಇಲ್ಲ. 151 ರೋಗಿಗಳ ಆ ಅಧ್ಯಯನ 2022ರಲ್ಲಿ ಬಂತು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷದ ನಂತರ ಬದುಕಿದ್ದವರು ಶೇಕಡ 16.3, ಈ ಸಣ್ಣ ಡೋಸು ಸೇರಿಸಿದವರಲ್ಲಿ 43.4. ನಮ್ಮ ಯೋಜನೆಯ ಕೋಡ್ ಪಟ್ಟಿಯನ್ನು ಮುಂದಿನ ಸಲ ಕೂತು ನೋಡುವಾಗ ಇಂಥದ್ದು ಅದರಲ್ಲಿ ಇದೆಯಾ ಅಂತ ನಿಮ್ಮ ಅಧಿಕಾರಿಗಳನ್ನು ಒಂದು ಮಾತು ಕೇಳಿ. ಯಾವ ಔಷಧಿ ಎಷ್ಟು ಬದುಕು ಕೊಡುತ್ತದೆ ಅಂತ ನೋಡಿ ಕೋಡ್ ಕೊಟ್ಟರೆ ಚೆನ್ನ. ರಾಮುಸಿರುಮ್ಯಾಬ್‌ಗೂ ಕೋಡ್ ಕೊಡಿ ಅಂತ ನಾನು ಕೇಳುತ್ತಿಲ್ಲ ನೋಡಿ. ಅದೇ ದುಡ್ಡಿನಲ್ಲಿ ಇನ್ನೆಷ್ಟೋ ಜನರಿಗೆ ಏನೇನೋ ಮಾಡಬಹುದು.

2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಶುರು ಮಾಡಿದಿರಿ. ಅಣ್ಣನ ಕಾಲಕ್ಕೆ ಅದು ಇರಲಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದರಂತೆ ಮೂರು ವಾರ, ಒಂದು ವಾರ ಬಿಡುವು. ಡ್ರಿಪ್ಪು ಹೋಗೋದು ಒಂದು ಗಂಟೆ. ಅದಕ್ಕೆ ನಾವು ಬೆಳಗಿನ ಜಾವ ನಾಲ್ಕೂವರೆಯ ಬಸ್ಸಿಗೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಿದ್ದೆವು. ಉಳಿದಿರೋದೇ ಕೆಲವು ತಿಂಗಳು ಅಂದಾಗ, ಅದರಲ್ಲಿ ಎಷ್ಟು ದಿನ ಬಸ್ಸಿನಲ್ಲಿ ಕಳೆಯಿತು ಅಂತ ಲೆಕ್ಕ ಹಾಕೋಕೂ ಬೇಜಾರಾಗುತ್ತದೆ. ಇಂಥ ಎರಡನೇ ಸುತ್ತಿನ ಸರಳ ಔಷಧಿಗಳು ಜಿಲ್ಲೆಯಲ್ಲೇ ಸಿಗಲಿ. ಆ ಅರ್ಧ ಗಂಟೆಯ ಮಾತೂ ಅಲ್ಲೇ ಆಗಲಿ.

ಕೊನೆಯ ತಿಂಗಳ ವಿಷಯ ಬರೆಯೋದು ಕಷ್ಟ, ಆದರೂ ಬರೆಯುತ್ತೇನೆ. ಅಣ್ಣನ ಬೆರಳು ಜೋಮು ಹಿಡಿದು ಅಂಗಿ ಗುಂಡಿ ಹಾಕಿಕೊಳ್ಳೋಕೂ ಆಗುತ್ತಿರಲಿಲ್ಲ. ನಲವತ್ತು ವರ್ಷ ಹಾಲು ಕರೆದ ಕೈ ಅದು. ನೋವು ರಾತ್ರಿ ಹೊತ್ತು ಬರುತ್ತಿತ್ತು. ಮಾರ್ಫಿನ್ ಮಾತ್ರೆ ತರೋಕೆ ಬೆಂಗಳೂರಿಗೇ ಹೋಗಬೇಕಿತ್ತು. ಸಣ್ಣ ಬೆಲೆಯ ಮಾತ್ರೆ ಅದು. ಲಕ್ಷದ ಇಂಜೆಕ್ಷನ್ ದುಡ್ಡು ಎಸೆದರೆ ಒಂದೇ ದಿನದಲ್ಲಿ ಸಿಕ್ಕಿತು, ಈ ಮಾತ್ರೆಗೆ ನಾನು ಎರಡು ದಿನ ಓಡಾಡಿದೆ. 2014ರಲ್ಲಿ ಸಂಸತ್ತು ಮಾದಕ ವಸ್ತು ಕಾಯ್ದೆ ತಿದ್ದುಪಡಿ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋದನ್ನು ಸುಲಭ ಮಾಡಿತು. ಆ ಮಾನ್ಯತೆಯನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಗಳಿಗೆಲ್ಲ ಕೊಡಿಸಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ದಿನಗಳ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ, ನಿಜ. ಆದರೆ ಅಣ್ಣನಿಗೆ ಅವನ ಮನೆ ಜಗಲಿಯೇ ಬೇಕಿತ್ತು.

ತಂಗಿ ಮಗಳು ಇನ್ನೊಂದು ಅಧ್ಯಯನ ತೋರಿಸಿದಳು, 2010ರದು, ಅಮೆರಿಕದ್ದು. ಹರಡಿದ ಶ್ವಾಸಕೋಶದ ಕ್ಯಾನ್ಸರಿನವರಿಗೆ ಮೊದಲಿನಿಂದಲೇ ನೋವು, ಸುಸ್ತು, ಮನಸ್ಸು ನೋಡಿಕೊಳ್ಳುವ ಉಪಶಮನ ಆರೈಕೆಯನ್ನೂ ಕೊಟ್ಟರು. ಅವರು 11.6 ತಿಂಗಳು ಬದುಕಿದರು, ಬರೀ ಮಾಮೂಲಿ ಚಿಕಿತ್ಸೆ ಸಿಕ್ಕವರು 8.9 ತಿಂಗಳು. ಅದು ಶ್ವಾಸಕೋಶ, ನಮ್ಮದು ಜಠರ, ಹೋಲಿಸಬಾರದು ಅಂತ ಅವಳು ನೂರು ಸಲ ಹೇಳಿದಳು. ಹೋಲಿಸೋದಿಲ್ಲ. ಆದರೆ ಆ ವ್ಯತ್ಯಾಸ 2.7 ತಿಂಗಳು. ಅದಕ್ಕೆ ಯಾರೂ ಹಸು ಮಾರಬೇಕಾಗಿರಲಿಲ್ಲ.

ಈ ಪತ್ರ ನಿಮಗೆ ತಲುಪುತ್ತದೋ ಇಲ್ಲವೋ. ಅಷ್ಟರಲ್ಲಿ ನಾನೇ ಒಂದು ಹಾಳೆಯಲ್ಲಿ ಡಾಕ್ಟರನ್ನು ಕೇಳಬೇಕಾದ ಐದು ಪ್ರಶ್ನೆ ಬರೆದು ಡೈರಿಯ ಗೋಡೆಗೆ ಅಂಟಿಸಿದ್ದೇನೆ, ಬಟವಾಡೆ ಪಟ್ಟಿ ಪಕ್ಕದಲ್ಲಿ. ಮೊದಲನೆಯದು ಅಣ್ಣನ ಪ್ರಶ್ನೆ. ನಮ್ಮೂರಿನ ಇನ್ನೊಬ್ಬರು ಮುಂದಿನ ಮಂಗಳವಾರ ಸ್ಕ್ಯಾನ್ ರಿಪೋರ್ಟ್ ತೋರಿಸೋಕೆ ಬೆಂಗಳೂರಿಗೆ ಹೋಗುತ್ತಿದ್ದಾರೆ. ಮೊದಲ ಔಷಧಿ ಮುಗಿದಿದೆ. ಅವರ ಮಗ ನಿನ್ನೆ ಸಂಜೆ ಹಾಲು ಹಾಕಿ, ಕ್ಯಾನು ತೊಳೆದುಕೊಂಡು, ಎಲ್ಲರೂ ಹೋಗುವವರೆಗೂ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಮಾವ, ನಮ್ಮ ಕರಿ ಹಸುಗೆ ಈಗ ಎಷ್ಟು ಬರಬಹುದು?"

ಇಂತಿ,
ಒಬ್ಬ ಡೈರಿ ಸೆಕ್ರೆಟರಿ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ